ರಾಜರ ದಿಬ್ಬಗಳ ನಡುವೆ ಸೈಕಲ್ ಸವಾರಿ

ಶುಕ್ರವಾರ ಸಂಜೆ

ಕೊರಿಯಾಕ್ಕೆ ಬಂದ ನಮ್ಮವರು ರಜೆ ಸಿಕ್ಕರೆ ಬೂಸಾನ್ ಇಲ್ಲವೇ ಜೇಜು ದ್ವೀಪ ಅನ್ನುತ್ತಾರೆ. ಗ್ಯೊಂಗ್ಜುಗೆ ಹೋಗೋಣ ಅಂದರೆ, "ಅಲ್ಲೇನಿದೆ, ಬರೀ ಸಮಾಧಿಗಳು ಅಲ್ವಾ?" ಎಂದು ಮೂಗು ಮುರಿಯುತ್ತಾರೆ. ಹೌದು, ಸಮಾಧಿಗಳೇ. ಆದರೆ ಎಂಥ ಸಮಾಧಿಗಳು! ಊರ ನಡುಮಧ್ಯೆ, ಅಂಗಡಿ ಸಾಲಿನ ಬೆನ್ನಿಗೆ, ರಸ್ತೆಯ ತಿರುವಿನಲ್ಲಿ ಹುಲ್ಲು ಹೊದ್ದ ದೊಡ್ಡ ದೊಡ್ಡ ದಿಬ್ಬಗಳು. ಅತಿ ದೊಡ್ಡದು 23 ಮೀಟರ್ ಎತ್ತರ. ಹಳೆ ಊರಿನಲ್ಲಿ ಕಟ್ಟಡಗಳ ಎತ್ತರಕ್ಕೆ ಮಿತಿ ಹಾಕಿದ್ದಾರೆ. ಹಾಗಾಗಿ ಎಲ್ಲಿ ನಿಂತರೂ ಈ ದಿಬ್ಬಗಳೇ ಕಣ್ಣಿಗೆ ಬೀಳುತ್ತವೆ. ಇಲ್ಲಿ ಪೆಟ್ರೋಲ್ ಬಂಕಿಗೂ ಹೆಂಚಿನ ಮಾಡು.

ಕ್ರಿ.ಪೂ. 57ರಿಂದ ಕ್ರಿ.ಶ. 935ರವರೆಗೆ, ಅಂದರೆ ಹೆಚ್ಚುಕಡಿಮೆ ಸಾವಿರ ವರ್ಷ, ಶಿಲ್ಲಾ ರಾಜ್ಯಕ್ಕೆ ಇದೇ ರಾಜಧಾನಿ. ಒಟ್ಟು 56 ದೊರೆಗಳು. ಕೊನೆಯವನು ಜಗಳವಿಲ್ಲದೆ ರಾಜ್ಯವನ್ನು ಗೊರ್ಯೊ ವಂಶಕ್ಕೆ ಒಪ್ಪಿಸಿಬಿಟ್ಟ. ರಾಜಧಾನಿ ಬೇರೆ ಕಡೆ ಹೋಯಿತು, ಗ್ಯೊಂಗ್ಜು ಸಣ್ಣ ಊರಾಗಿ ಉಳಿಯಿತು. ಆ ಊರು ಬೆಳೆಯದೇ ಹೋದದ್ದು ನಮ್ಮಂಥ ಪ್ರವಾಸಿಗಳ ಪುಣ್ಯ.

ಸೋಲ್‌ನಿಂದ ಕೆಟಿಎಕ್ಸ್ ಎಂಬ ಅತಿವೇಗದ ರೈಲಿನಲ್ಲಿ ಎರಡು ಗಂಟೆ ಚಿಲ್ಲರೆ. ಊರೊಳಗಿದ್ದ ಹಳೆ ರೈಲು ನಿಲ್ದಾಣ 2021ರ ಕೊನೆಯಲ್ಲಿ ಮುಚ್ಚಿಹೋಯಿತು. ಈಗಿನ ನಿಲ್ದಾಣ ಊರಾಚೆ ಹೊಲಗದ್ದೆಗಳ ನಡುವೆ ಇದೆ. ಅಲ್ಲಿಂದ ಸಿಟಿ ಬಸ್ಸು. ನಾವು ಉಳಿದದ್ದು ಹನೋಕ್ ಎಂಬ ಹಳೆ ಕಾಲದ ಕೊರಿಯನ್ ಮನೆಯಲ್ಲಿ. ಮರದ ಕಂಬ, ಕಾಗದದ ಬಾಗಿಲು, ನೆಲದಡಿ ಬೆಚ್ಚಗೆ ಮಾಡುವ ಒಂದೋಲ್. ಮಂಚ ಇಲ್ಲ, ನೆಲದ ಮೇಲೆ ಹಾಸಿಗೆ. ಮಕ್ಕಳಿಗೆ ಅಜ್ಜಿ ಮನೆಗೆ ಬಂದಷ್ಟು ಖುಷಿ. ಇವರಿಗೆ ಮಾತ್ರ ಸೊಂಟ ನೆನಪಾಗಿ ಚಿಂತೆ.

ಊಟ ಮುಗಿಸಿ ಸುಮ್ನೆ ಒಂದು ಸುತ್ತು ಹೊರಟೆವು. ಅಕ್ಟೋಬರ್ ತಿಂಗಳು, ಸಣ್ಣ ಚಳಿ. ಬೋಂಗ್ಹ್ವಾಂಗ್ದೆ ಎಂಬ ದಿಬ್ಬ ಅಂಗಡಿ ಬೀದಿಗೇ ತಾಗಿಕೊಂಡಿದೆ. ಬೇಲಿ ಇಲ್ಲ, ಟಿಕೆಟ್ ಇಲ್ಲ. ಅದರ ಇಳಿಜಾರಿನ ಮೇಲೆ ಹಳೆಯ ಝೆಲ್ಕೋವಾ ಮರಗಳು ಬೆಳೆದು ನಿಂತಿವೆ, ಬೇರುಗಳು ಹುಲ್ಲಿನಿಂದ ಹೊರಗೆ ಬಂದಿವೆ. ಕೆಳಗೆ ಯಾರೋ ನಾಯಿ ಅಡ್ಡಾಡಿಸುತ್ತಿದ್ದರು, ಕಾಲೇಜು ಹುಡುಗರು ಐಸ್‌ಕ್ರೀಮ್ ತಿನ್ನುತ್ತಿದ್ದರು. ಪಕ್ಕದಲ್ಲೇ 1921ರಲ್ಲಿ ಮನೆ ವಿಸ್ತರಿಸಲು ಮಣ್ಣು ಅಗೆದಾಗ ಚಿನ್ನದ ಕಿರೀಟ ಸಿಕ್ಕ ಜಾಗ ಇದೆ. ಶಿಲ್ಲಾದ ಚಿನ್ನದ ಕಿರೀಟ ಲೋಕದ ಕಣ್ಣಿಗೆ ಬಿದ್ದದ್ದು ಅದೇ ಮೊದಲು. ಅದರಾಚೆಯ ದಿಬ್ಬವನ್ನು 1926ರಲ್ಲಿ ಅಗೆಯುವಾಗ ಸ್ವೀಡನ್ನಿನ ಯುವರಾಜ ಬಂದು ಕೈಜೋಡಿಸಿದ್ದನಂತೆ. ಅಲ್ಲೂ ಒಂದು ಕಿರೀಟ.

"ಹಾಗಾದರೆ ಇದರೊಳಗೂ ಚಿನ್ನ ಇದೆಯಾ?" ಚಿಕ್ಕವನು ಬೋಂಗ್ಹ್ವಾಂಗ್ದೆ ತೋರಿಸಿ ಕೇಳಿದ. ಇದನ್ನು ಇನ್ನೂ ಅಗೆದಿಲ್ಲ ಅಂದೆ. ಅವನಿಗೆ ರಾತ್ರಿಯಿಡೀ ಅದೇ ಯೋಚನೆ.

ಶನಿವಾರ

ಸೈಕಲ್ ಬಾಡಿಗೆ ಅಂಗಡಿಗಳು ಬಸ್ ನಿಲ್ದಾಣದ ಹತ್ತಿರವೂ ಇವೆ, ಸಮಾಧಿ ಉದ್ಯಾನದ ಸುತ್ತಮುತ್ತಲೂ ಇವೆ. ಗುರುತಿನ ಚೀಟಿ ತೋರಿಸಿ, ದಿನದ ಬಾಡಿಗೆ ಕೊಟ್ಟರೆ ಆಯಿತು. ನನಗೂ ದೊಡ್ಡವಳಿಗೂ ಒಂದೊಂದು ಬುಟ್ಟಿ ಇರುವ ಸೈಕಲ್, ಇವರಿಗೂ ಚಿಕ್ಕವನಿಗೂ ಸೇರಿ ಒಂದು ಜೋಡಿ ಸೈಕಲ್. ಹಿಂದೆ ಕೂತವನು ಪೆಡಲ್ ತುಳಿಯುತ್ತಾನೋ ಇಲ್ಲವೋ ಎಂಬುದು ದಿನವಿಡೀ ನಡೆದ ವ್ಯಾಜ್ಯ.

ಗ್ಯೊಂಗ್ಜು ಸೈಕಲ್ಲಿಗೆ ಹೇಳಿ ಮಾಡಿಸಿದ ಊರು. ಹಳೆ ಊರು ಪೂರ್ತಿ ಸಮತಟ್ಟು, ಸುತ್ತ ಬೆಟ್ಟ. ನೋಡಬೇಕಾದ ಜಾಗಗಳೆಲ್ಲ ಮೂರು ನಾಲ್ಕು ಕಿಲೋಮೀಟರ್ ಒಳಗೇ ಇವೆ. ನಡೆದರೆ ಮಕ್ಕಳು ಸೋಲುತ್ತಾರೆ. ಟ್ಯಾಕ್ಸಿಯಲ್ಲಿ ಹೋದರೆ ಒಂದು ಜಾಗಕ್ಕೂ ಇನ್ನೊಂದಕ್ಕೂ ನಡುವೆ ಇರುವುದು ಕಾಣುವುದೇ ಇಲ್ಲ. ಈ ಊರಿನ ರುಚಿ ಇರುವುದೇ ಆ ನಡುವಿನ ಬಯಲಿನಲ್ಲಿ. ಅದು ನನಗೆ ಗೊತ್ತಾದದ್ದು ಸಂಜೆಯ ಹೊತ್ತಿಗೆ.

ಮೊದಲು ದೇರುಂಗ್ವನ್. ಊರ ನಡುವಿನ ದೊಡ್ಡ ಸಮಾಧಿ ಉದ್ಯಾನ, ಒಳಗೆ 23 ದಿಬ್ಬಗಳು. ಸೈಕಲ್ಲನ್ನು ಹೊರಗೇ ನಿಲ್ಲಿಸಬೇಕು. ಉದ್ಯಾನಕ್ಕೆ ಈಗ ಟಿಕೆಟ್ ಇಲ್ಲ, ಒಳಗಿರುವ ಚೊನ್ಮಾಚೊಂಗ್ ಸಮಾಧಿಗೆ ಮಾತ್ರ ದುಡ್ಡು. ಒಳಹೊಕ್ಕು ನೋಡಬಹುದಾದ ದಿಬ್ಬ ಅದೊಂದೇ.

ಚೊನ್ಮಾಚೊಂಗ್ ಕಥೆ ನನಗೆ ಬಹಳ ಇಷ್ಟ. 1973ರಲ್ಲಿ ಸರ್ಕಾರಕ್ಕೆ ಅಗೆಯಬೇಕಾಗಿದ್ದದ್ದು ಇದನ್ನಲ್ಲ, ಪಕ್ಕದಲ್ಲಿರುವ ಭಾರಿ ಜೋಡಿ ದಿಬ್ಬ ಹ್ವಾಂಗ್ನಮ್ ದೇಚೊಂಗ್ ಅನ್ನು. ಅಷ್ಟು ದೊಡ್ಡದಕ್ಕೆ ನೇರವಾಗಿ ಕೈ ಹಾಕಲು ಧೈರ್ಯ ಸಾಲದೆ, ಕೈ ಪಳಗಲಿ ಎಂದು ಈ ಚಿಕ್ಕ ದಿಬ್ಬ ಅಗೆದರು. ಅಭ್ಯಾಸಕ್ಕೆಂದು ಅಗೆದದ್ದರಲ್ಲಿ ಚಿನ್ನದ ಕಿರೀಟ, ಚಿನ್ನದ ಸೊಂಟಪಟ್ಟಿ, ಒಟ್ಟು 11,000ಕ್ಕೂ ಹೆಚ್ಚು ವಸ್ತುಗಳು ಸಿಕ್ಕವು. ಕುದುರೆಗೆ ಕಟ್ಟುವ ಕೆಸರು ತಡೆಯ ಮೇಲೆ, ಭೂರ್ಜ ಮರದ ತೊಗಟೆಯಲ್ಲಿ, ಬಿಳಿ ಕುದುರೆಯೊಂದು ಹಾರುತ್ತಿರುವ ಚಿತ್ರವೂ ಇತ್ತು. ಸಮಾಧಿಗೆ ಹೆಸರು ಬಂದದ್ದು ಆ ಕುದುರೆಯಿಂದ. ಮಕ್ಕಳಿಗೆ ಕಿರೀಟಕ್ಕಿಂತ ಜಾಸ್ತಿ ಹಿಡಿಸಿದ್ದು ಮಡಕೆಯಲ್ಲಿ ಕೋಳಿಮೊಟ್ಟೆ ಸಿಕ್ಕಿತ್ತು ಎಂಬ ಸುದ್ದಿ. ದಾರಿಯಲ್ಲಿ ಹಸಿವಾದರೆ ಇರಲಿ ಎಂದು ಇಟ್ಟಿದ್ದರೋ ಏನೋ.

ಒಳಗೆ ಹೋದರೆ ದಿಬ್ಬದ ಹೊಟ್ಟೆ ಸೀಳಿದಂತೆ ತೋರಿಸಿದ್ದಾರೆ. ನಡುವೆ ಮರದ ಕೋಣೆ. ಅದರ ಮೇಲೆ ನದಿಯಿಂದ ತಂದ ಗುಂಡುಕಲ್ಲುಗಳ ರಾಶಿ. ಅದರ ಮೇಲೆ ಜೇಡಿಮಣ್ಣು, ಆಮೇಲೆ ಮಣ್ಣು, ಹುಲ್ಲು. ಬಾಗಿಲು, ಸುರಂಗ ಏನೂ ಇಲ್ಲ. ಕಾಲ ಕಳೆದಂತೆ ಮರ ಕೊಳೆತು, ಮೇಲಿನ ಕಲ್ಲುಗಳೆಲ್ಲ ಕುಸಿದು ಕೋಣೆಯನ್ನು ಮುಚ್ಚಿಬಿಟ್ಟವು. ಕಳ್ಳ ಒಂದು ಕಲ್ಲು ಎತ್ತಿದರೆ ಮೇಲಿಂದ ಹತ್ತು ಉರುಳಬೇಕು. ಒಂದೂವರೆ ಸಾವಿರ ವರ್ಷ ಚಿನ್ನ ಉಳಿದದ್ದು ಕಾವಲಿನಿಂದಲ್ಲ, ಈ ಕುಸಿತದಿಂದ.

ಮುಂದೆ ಹ್ವಾಂಗ್ನಮ್ ದೇಚೊಂಗ್ ಅಗೆದಾಗ ಇನ್ನೊಂದು ಅಚ್ಚರಿ ಕಾದಿತ್ತು. ಅದು ಗಂಡ ಹೆಂಡತಿಯ ಜೋಡಿ ಸಮಾಧಿ. ದಕ್ಷಿಣದ ದಿಬ್ಬದಲ್ಲಿ ಗಂಡಸು, ಉತ್ತರದಲ್ಲಿ ಹೆಂಗಸು. ಚಿನ್ನದ ಕಿರೀಟ ಸಿಕ್ಕಿದ್ದು ಹೆಂಗಸಿನ ಕಡೆ. ಗಂಡಸಿನ ಪಾಲಿಗೆ ಚಿನ್ನದ ನೀರು ಕುಡಿಸಿದ ಕಂಚಿನ ಕಿರೀಟ. ಇದನ್ನು ಓದಿದ ದೊಡ್ಡವಳು ಅಪ್ಪನ ಮುಖ ನೋಡಿ ನಕ್ಕಳು.

ದಿಬ್ಬಗಳ ಮೇಲೆ ಹತ್ತುವುದು ಕಾನೂನಿಗೆ ವಿರುದ್ಧ. ಹುಲ್ಲಿನ ಆ ಇಳಿಜಾರು ನೋಡಿದರೆ ಜಾರುಬಂಡೆ ಆಡಲು ಯಾವ ಮಗುವಿಗಾದರೂ ಕಾಲು ತುರಿಸುತ್ತದೆ. ಚಿಕ್ಕವನ ಕೈ ಬಿಡದೆ ಹೊರಗೆ ಕರೆತಂದೆವು.

ಅಲ್ಲಿಂದ ರಸ್ತೆ ದಾಟಿದರೆ ಬಯಲು. ಬಯಲಿನ ನಡುವೆ ಚೊಮ್‌ಸೊಂಗ್ದೆ. ಫೋಟೋದಲ್ಲಿ ದೊಡ್ಡದಾಗಿ ಕಾಣುವ ಈ ನಕ್ಷತ್ರ ವೀಕ್ಷಣಾಲಯ ನಿಜಕ್ಕೂ ಒಂಬತ್ತು ಮೀಟರ್ ಚಿಲ್ಲರೆ ಅಷ್ಟೆ. ಮೊದಲ ನೋಟಕ್ಕೆ "ಇಷ್ಟೇನಾ?" ಅನಿಸುತ್ತದೆ. ಸೈಕಲ್ಲಿನಲ್ಲಿ ಸುತ್ತ ಒಂದು ಪ್ರದಕ್ಷಿಣೆ ಹಾಕಿದ ಮೇಲೆ ಅದರ ಚೆಂದ ತಿಳಿಯುತ್ತದೆ. ಎಲ್ಲಿಂದ ನೋಡಿದರೂ ಅದೇ ಬಳುಕು. ಕೆಳಗೆ ಅಗಲ, ಮೇಲೆ ಸಣ್ಣ, ನಡುವೆ ದಕ್ಷಿಣಕ್ಕೆ ಒಂದು ಚೌಕ ಕಿಟಕಿ. ಕಟ್ಟಿಸಿದವಳು ರಾಣಿ ಸೊಂಡೊಕ್, ಆಳಿದ್ದು 632ರಿಂದ 647. ಅವಳು ಶಿಲ್ಲಾದ 27ನೇ ದೊರೆ, ಇದರ ಕಲ್ಲಿನ ಸಾಲುಗಳೂ 27. ಕಿಟಕಿಯ ಕೆಳಗೆ 12 ಸಾಲು, ಮೇಲೆ 12 ಸಾಲು. ತಿಂಗಳ ಲೆಕ್ಕ ಅನ್ನುವವರಿದ್ದಾರೆ. ಏಣಿ ಇಟ್ಟು ಕಿಟಕಿಯಿಂದ ಒಳಗೆ ಹೋಗಿ, ಮೇಲೆ ಹತ್ತಿ ಆಕಾಶ ನೋಡುತ್ತಿದ್ದರಂತೆ. ಇದು ನಕ್ಷತ್ರ ನೋಡಲು ಕಟ್ಟಿದ್ದೇ ಅಲ್ಲ, ಪೂಜೆಯ ಜಾಗ ಎಂದು ವಾದಿಸುವವರೂ ಇದ್ದಾರೆ. 2016ರ ಸೆಪ್ಟೆಂಬರಿನಲ್ಲಿ 5.8 ತೀವ್ರತೆಯ ಭೂಕಂಪ ಈ ಊರನ್ನು ಅಲುಗಿಸಿದಾಗ ಇದು ಒಂದಿಷ್ಟು ವಾಲಿತು, ಬೀಳಲಿಲ್ಲ.

ಬಯಲಲ್ಲಿ ಮಕ್ಕಳು ಗಾಳಿಪಟ ಹಾರಿಸುತ್ತಿದ್ದರು. ಆಗ ಮಗಳಿಗೆ ಒಂದು ಕಥೆ ಹೇಳಿದೆ. ಸೊಂಡೊಕ್ ರಾಣಿಯ ಕೊನೆಗಾಲದಲ್ಲಿ ಬಿದಾಮ್ ಎಂಬ ಮಂತ್ರಿ ದಂಗೆ ಎದ್ದ. ಹೆಂಗಸಿಗೆ ರಾಜ್ಯ ಆಳಲು ಬರುವುದಿಲ್ಲ ಎಂಬುದು ಅವನ ತಕರಾರು. ಆ ಹೊತ್ತಿಗೆ ಅರಮನೆಯ ಕಡೆ ಒಂದು ನಕ್ಷತ್ರ ಉದುರಿತು. ರಾಣಿಗೆ ಸೋಲು ಬಂತು ಎಂದು ದಂಗೆಯವರು ಕುಣಿದಾಡಿದರು, ರಾಣಿಯ ಸೈನ್ಯದ ಎದೆ ಒಡೆಯಿತು. ಸೇನಾಪತಿ ಕಿಮ್ ಯುಶಿನ್ ಏನು ಮಾಡಿದ ಗೊತ್ತೇ? ಹುಲ್ಲಿನ ಗೊಂಬೆಗೆ ಬೆಂಕಿ ಹಚ್ಚಿ, ಗಾಳಿಪಟಕ್ಕೆ ಕಟ್ಟಿ ರಾತ್ರಿ ಮೇಲೆ ಹಾರಿಸಿದ. ಬಿದ್ದ ನಕ್ಷತ್ರ ಮತ್ತೆ ಆಕಾಶಕ್ಕೆ ಏರಿತು ಎಂದು ಮರುದಿನ ಸುದ್ದಿ ಹಬ್ಬಿಸಿದ. ದಂಗೆ ಅಡಗಿತು. ರಾಣಿ ಮಾತ್ರ ಅದು ಮುಗಿಯುವ ಮೊದಲೇ ತೀರಿಕೊಂಡಿದ್ದಳು. ಅವಳ ಜಾಗಕ್ಕೆ ಬಂದವಳೂ ಹೆಂಗಸೇ. "ಬಿದಾಮ್‌ಗೆ ಚೆನ್ನಾಗಿ ಆಯ್ತು" ಅಂದಳು ಮಗಳು.

ಪಕ್ಕದಲ್ಲೇ ಗ್ಯೇರಿಮ್ ಎಂಬ ಪುಟ್ಟ ತೋಪು. ಡೊಂಕು ಡೊಂಕಾದ ಹಳೆ ಮರಗಳು, ಕಾಲಡಿ ಒಣ ಎಲೆ. ಇಲ್ಲಿ ಬಿಳಿ ಹುಂಜ ಕೂಗಿದ್ದು ಕೇಳಿ ಬಂದು ನೋಡಿದರೆ, ಮರಕ್ಕೆ ಚಿನ್ನದ ಪೆಟ್ಟಿಗೆ ತೂಗುತ್ತಿತ್ತಂತೆ. ಒಳಗೆ ಗಂಡು ಕೂಸು. ಅವನೇ ಕಿಮ್ ಮನೆತನದ ಮೂಲಪುರುಷ ಕಿಮ್ ಅಲ್ಜಿ. ಶಿಲ್ಲಾ ರಾಜ್ಯಕ್ಕೇ ಗ್ಯೇರಿಮ್ ಎಂಬ ಹೆಸರೂ ಇತ್ತು.

ನನಗೆ ಈ ತೋಪಿನಲ್ಲಿ ನೆನಪಾದದ್ದು ಹುಂಜವಲ್ಲ, ಹೇಚೊ. ಎಂಟನೇ ಶತಮಾನದ ಶಿಲ್ಲಾದ ತರುಣ ಭಿಕ್ಷು. ಚೀನಾದಿಂದ ಹಡಗಿನಲ್ಲಿ ಭಾರತಕ್ಕೆ ಬಂದು, ಊರೂರು ಸುತ್ತಿ, ಮಧ್ಯ ಏಷ್ಯಾದ ನೆಲದಾರಿಯಲ್ಲಿ 727ರ ಹೊತ್ತಿಗೆ ಚೀನಾದ ಗಡಿಗೆ ಮರಳಿದ. ಅವನ ಪ್ರವಾಸ ಕಥನದ ಹರಕು ಪ್ರತಿ 1908ರಲ್ಲಿ ಚೀನಾದ ದುನ್ಹುವಾಂಗ್ ಗುಹೆಯಲ್ಲಿ ಸಿಕ್ಕಿತು. ಮಧ್ಯ ಭಾರತದಿಂದ ದಕ್ಷಿಣಕ್ಕೆ ಮೂರು ತಿಂಗಳು ನಡೆದೆ, ಅಲ್ಲಿನ ರಾಜನಿಗೆ 800 ಆನೆಗಳಿವೆ ಎಂದು ಅದರಲ್ಲಿ ಬರೆದಿದ್ದಾನೆ. ಆಗ ದಖ್ಖಣವನ್ನು ಆಳುತ್ತಿದ್ದವರು ಬಾದಾಮಿ ಚಾಲುಕ್ಯರು. ಆ ರಾಜ ಚಾಲುಕ್ಯ ದೊರೆಯೇ ಇರಬೇಕು ಎಂದು ವಿದ್ವಾಂಸರ ಊಹೆ. ಅದೇ ದಕ್ಷಿಣದ ದಾರಿಯಲ್ಲಿ, ಬೆಳದಿಂಗಳ ರಾತ್ರಿ, ಊರು ನೆನಪಾಗಿ ಒಂದು ಕವಿತೆ ಕಟ್ಟಿದ. ಮೋಡಗಳಾದರೂ ಊರ ಕಡೆ ಹೋಗುತ್ತಿವೆ, ಕಾಗದ ಕೊಟ್ಟು ಕಳಿಸೋಣವೆಂದರೆ ಗಾಳಿ ನಿಲ್ಲುವುದಿಲ್ಲ, ಈ ನಾಡಿನಲ್ಲಿ ಹೆಬ್ಬಾತುಗಳೂ ಇಲ್ಲ, ಗ್ಯೇರಿಮ್‌ಗೆ ನನ್ನ ಸುದ್ದಿ ಒಯ್ಯುವವರಾರು ಎಂಬ ಭಾವ. ಅವನು ಮರಳಿ ಇಲ್ಲಿಗೆ ಬರಲೇ ಇಲ್ಲ, ಚೀನಾದಲ್ಲೇ ತೀರಿಕೊಂಡ. ಆನೆಗಳ ನಾಡಿನಿಂದ ಬಂದ ನಾವು ಆ ತೋಪಿನ ಬೆಂಚಿನ ಮೇಲೆ ಕೂತು ಬಾಳೆಹಣ್ಣು ತಿಂದೆವು.

ಹತ್ತಿರದ ಗ್ಯೊಚೊನ್ ಹಳ್ಳಿಯಲ್ಲಿ ಮಧ್ಯಾಹ್ನದ ಊಟ. ಇಲ್ಲಿನ ಕಿಂಬಾಪ್, ಅಂದರೆ ಕಡಲಪಾಚಿಯ ಹಾಳೆಯಲ್ಲಿ ಸುತ್ತಿದ ಅನ್ನ, ಹೆಸರುವಾಸಿ, ಆದರೆ ಒಳಗೆ ರಾಶಿ ಮೊಟ್ಟೆ. ನಾವು ತರಕಾರಿ ಕಲಸಿ ತಿನ್ನುವ ಅನ್ನ, ಬಿಬಿಂಬಾಪ್ ಹೇಳಿದೆವು. "ಗೋಗಿ ಪ್ಪೇ ಜುಸೆಯೊ" ಅಂದರೆ ಮಾಂಸ ತೆಗೆದು ಕೊಡಿ. ಈ ಒಂದು ವಾಕ್ಯ ಬಾಯಿಪಾಠ ಮಾಡಿಕೊಂಡರೆ ಕೊರಿಯಾದಲ್ಲಿ ಸಸ್ಯಾಹಾರಿಯ ಅರ್ಧ ಕಷ್ಟ ಕಳೆಯಿತು. ಉಳಿದರ್ಧ ಮೀನಿನ ಸಾರು, ಕಿಮ್ಚಿಯೊಳಗಿನ ಸೀಗಡಿ. ಅದಕ್ಕೆ ನಾನು ಬ್ಯಾಗಿನಲ್ಲಿ ಸದಾ ಚಟ್ನಿಪುಡಿ ಇಟ್ಟಿರುತ್ತೇನೆ.

ಅದೇ ಹಳ್ಳಿಯಲ್ಲಿ ಚ್ವೆ ಮನೆತನದ ದೊಡ್ಡ ಮನೆ ಇದೆ. ಹನ್ನೆರಡು ತಲೆಮಾರು ಸಿರಿವಂತರಾಗಿಯೇ ಉಳಿದ ಕುಟುಂಬ. ಅವರ ಮನೆಯ ಕಟ್ಟಳೆಗಳನ್ನು ಕೇಳಿ: ಬರಗಾಲದ ವರ್ಷ ಜಮೀನು ಕೊಳ್ಳಬಾರದು. ನೂರು ಲೀ ಸುತ್ತಳತೆಯಲ್ಲಿ, ಅಂದರೆ ಸುಮಾರು 40 ಕಿಲೋಮೀಟರಿನೊಳಗೆ, ಯಾರೂ ಹಸಿವಿನಿಂದ ಸಾಯದಂತೆ ನೋಡಿಕೊಳ್ಳಬೇಕು. ಹತ್ತು ಸಾವಿರ ಮೂಟೆಗಿಂತ ಹೆಚ್ಚು ಆಸ್ತಿ ಕೂಡಿಸಬಾರದು. ಅಂಗಳದ ಕಣಜ ಈಗಲೂ ಹಾಗೇ ನಿಂತಿದೆ. ಮಧ್ಯಾಹ್ನ ಊಟವಾದ ಮೇಲೆ ಆ ಕಣಜದ ಮುಂದೆ ನಿಂತಾಗ ಮನಸ್ಸಿಗೆ ಹಿತವೆನಿಸಿತು.

ಊರ ಅಂಚಿನ ಹೊಳೆಗೆ ವೊಲ್ಜೊಂಗ್ಗ್ಯೊ ಸೇತುವೆ. 760ರಲ್ಲಿ ಕಟ್ಟಿದ್ದ ಸೇತುವೆಯ ಕಲ್ಲಿನ ಪಾದಗಳ ಮೇಲೆ, ಮಾಡು ಇರುವ ಕೆಂಪು ಹಸಿರು ಮರದ ಸೇತುವೆ ಎಬ್ಬಿಸಿ 2018ರಲ್ಲಿ ಮುಗಿಸಿದರು. ಹೊಸದು ಅನ್ನುವುದು ಎದ್ದು ಕಾಣುತ್ತದೆ. ನನಗೆ ಅಷ್ಟೇನೂ ಹಿಡಿಸಲಿಲ್ಲ. ಕೆಳಗೆ ಹೊಳೆಯಲ್ಲಿ ದಾಟಲು ಹಾಕಿದ ಕಲ್ಲುಗಳು ಮಾತ್ರ ಮಜಾ. ಚಿಕ್ಕವನು ಕಲ್ಲಿನಿಂದ ಕಲ್ಲಿಗೆ ನೆಗೆಯುತ್ತಿದ್ದರೆ ಇವರು ವೊನ್ಹ್ಯೊ ಭಿಕ್ಷುವಿನ ಕಥೆ ತೆಗೆದರು. ಆತ ಇದೇ ಹೊಳೆಗೆ ಬೇಕೆಂದೇ ಬಿದ್ದು, ಬಟ್ಟೆ ಒಣಗಿಸಲು ಹತ್ತಿರದ ಅರಮನೆಗೆ ಹೋಗಿ, ಅಲ್ಲಿದ್ದ ವಿಧವೆ ರಾಜಕುಮಾರಿಯ ಜೊತೆ ಉಳಿದನಂತೆ. ಅವರಿಗೆ ಹುಟ್ಟಿದ ಮಗ ದೊಡ್ಡ ಪಂಡಿತನಾದ. ಮಕ್ಕಳಿಗೆ ಇದರಲ್ಲಿ ಅರ್ಥವಾದದ್ದು "ಬೇಕೆಂದೇ ಬಿದ್ದ" ಅನ್ನುವಷ್ಟೇ. ಮುಂದೆ ಏನಾಯಿತು ಅಂತ ಹೇಳಬೇಕಿಲ್ಲ. ಒದ್ದೆ ಸಾಕ್ಸನ್ನು ಸೈಕಲ್ಲಿನ ಹ್ಯಾಂಡಲ್ಲಿಗೆ ಕಟ್ಟಿ ಒಣಗಿಸುತ್ತಾ ಮುಂದೆ ಹೊರಟೆವು.

ವೊಲ್‌ಸೊಂಗ್ ಅಂದರೆ ಹಳೆಯ ಅರಮನೆಯ ಜಾಗ. ಈಗ ಅರ್ಧಚಂದ್ರದ ಆಕಾರದ ದಿಣ್ಣೆ, ಹುಲ್ಲು, ಪೈನ್ ಮರ. ಮೇಲೆ ಕಲ್ಲಿನ ಐಸ್ ಮನೆ ಇದೆ, ಅದು ಶಿಲ್ಲಾದ್ದಲ್ಲ, 18ನೇ ಶತಮಾನದ್ದು. ಬಾಗಿಲ ಸರಳಿನ ಹತ್ತಿರ ಮುಖ ಇಟ್ಟರೆ ತಂಪು ಗಾಳಿ. ಬೆವರಿದ್ದ ನಾವು ಒಬ್ಬೊಬ್ಬರಾಗಿ ಮುಖ ಒಡ್ಡಿದೆವು.

ಮ್ಯೂಸಿಯಮ್ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ನೋಡಲು ಒಂದು ದಿನವೇ ಬೇಕು, ಮಕ್ಕಳ ಜೊತೆ ಒಂದು ಗಂಟೆ ಸಿಗುತ್ತದೆ. ಹೊರಗೆ ಅಂಗಳದಲ್ಲಿರುವ ಗಂಟೆಯನ್ನು ಮಾತ್ರ ಬಿಡಬೇಡಿ. ಸೊಂಗ್ಡೊಕ್ ರಾಜನ ನೆನಪಿಗೆ ಅವನ ಮಗ ಶುರು ಮಾಡಿಸಿ, ಮೊಮ್ಮಗನ ಕಾಲಕ್ಕೆ, 771ರಲ್ಲಿ, ಮುಗಿದ ಕಂಚಿನ ಗಂಟೆ. 3.66 ಮೀಟರ್ ಎತ್ತರ, 18.9 ಟನ್ ತೂಕ. ಎಷ್ಟು ಸಲ ಎರಕ ಹೊಯ್ದರೂ ನಾದ ಬರದೆ, ಕೊನೆಗೆ ಒಂದು ಮಗುವನ್ನು ಕಂಚಿನ ರಸಕ್ಕೆ ಹಾಕಿದರು, ಅದಕ್ಕೇ ಗಂಟೆ "ಎಮಿಲ್ಲೆ" ಎಂದು ಅಮ್ಮನನ್ನು ಕರೆಯುತ್ತದೆ ಎಂದು ಜನ ಹೇಳುತ್ತಾರೆ. ಲೋಹ ಪರೀಕ್ಷೆ ಮಾಡಿದಾಗ ಮೂಳೆಯ ಸುಳಿವು ಸಿಗಲಿಲ್ಲ. ಗಂಟೆಯನ್ನು ಕಾಪಾಡಲು ಈಗ ದಿನವೂ ಹೊಡೆಯುವುದಿಲ್ಲ, ರೆಕಾರ್ಡ್ ಮಾಡಿದ ಧ್ವನಿ ಕೇಳಿಸುತ್ತಾರೆ. ಸ್ಪೀಕರಿನಿಂದ ಬಂದರೂ ಆ ನಾದ ಎದೆಯೊಳಗೆ ಹೋಗುತ್ತದೆ. ಒಮ್ಮೆ ಏಳುತ್ತದೆ, ಸಣ್ಣಗಾಗುತ್ತದೆ, ಮುಗಿಯಿತು ಅನ್ನುವಷ್ಟರಲ್ಲಿ ಮತ್ತೆ ಏಳುತ್ತದೆ. ಗಂಟೆಯ ಸುತ್ತಳತೆ ಎಲ್ಲ ಕಡೆ ಒಂದೇ ಸಮ ಇಲ್ಲದ್ದರಿಂದ ತುಸು ಬೇರೆಬೇರೆಯಾದ ಎರಡು ಸ್ವರಗಳು ಒಂದರ ಮೇಲೊಂದು ಬಂದು ಹೀಗಾಗುತ್ತದಂತೆ. ಮಗುವಿನ ಕಥೆ ಕೇಳಿದ ಮೇಲೆ ಚಿಕ್ಕವನು ನನ್ನ ಕೈ ಗಟ್ಟಿ ಹಿಡಿದುಕೊಂಡ.

ಇನ್ನು ಹ್ವಾಂಗ್ನ್ಯೊಂಗ್ಸಾ. ಬಹಳ ಜನ ಇಲ್ಲಿಗೆ ಬರುವುದೇ ಇಲ್ಲ. ಯಾಕೆಂದರೆ ಇಲ್ಲಿ ಏನೂ ಇಲ್ಲ. ರಸ್ತೆ ಬಿಟ್ಟು ಕಾಲುದಾರಿಗೆ ಸೈಕಲ್ ಇಳಿಸಿದರೆ ಕಣ್ಣು ಹಾಯುವಷ್ಟು ಖಾಲಿ ಬಯಲು, ಅಲ್ಲಲ್ಲಿ ಸಾಲಾಗಿ ಕಲ್ಲು. ಒಂದು ಕಾಲಕ್ಕೆ ಶಿಲ್ಲಾದ ಅತಿ ದೊಡ್ಡ ಬೌದ್ಧ ವಿಹಾರ ಇದ್ದ ಜಾಗ. 553ರಲ್ಲಿ ಜಿನ್ಹುಂಗ್ ರಾಜ ಹೊಸ ಅರಮನೆಗೆಂದು ಕೆಲಸ ಶುರು ಮಾಡಿಸಿದ. ಹಳದಿ ನಾಗ ಕಾಣಿಸಿಕೊಂಡಿತೆಂದು ಅರಮನೆ ಬಿಟ್ಟು ವಿಹಾರ ಕಟ್ಟಿಸಿದ. ಸೊಂಡೊಕ್ ರಾಣಿ 645ರಲ್ಲಿ ಇಲ್ಲಿ ಒಂಬತ್ತು ನೆಲೆಯ ಮರದ ಗೋಪುರ ಎಬ್ಬಿಸಿದಳು. ಸುಮಾರು 80 ಮೀಟರ್ ಎತ್ತರ. ಅದನ್ನು ಕಟ್ಟಲು ಶತ್ರು ರಾಜ್ಯ ಬೆಕ್ಜೆಯಿಂದ ಅಬಿಜಿ ಎಂಬ ಶಿಲ್ಪಿಯನ್ನು ಕರೆಸಬೇಕಾಯಿತು. ಒಂದೊಂದು ನೆಲೆಯೂ ಸುತ್ತಲಿನ ಒಂದೊಂದು ಶತ್ರುವನ್ನು ತುಳಿಯಲಿ ಎಂಬ ಸಂಕಲ್ಪ. ಆರು ಶತಮಾನ ನಿಂತ ಗೋಪುರವನ್ನು 1238ರಲ್ಲಿ ಮಂಗೋಲರು ಸುಟ್ಟರು. ವಿಹಾರವೂ ಬೂದಿಯಾಯಿತು.

ಉಳಿದದ್ದು ಗೋಪುರದ ಕಂಬಗಳ ಕೆಳಗಿದ್ದ ಕಲ್ಲುಗಳು. ಎಂಟು ಸಾಲು, ಸಾಲಿಗೆ ಎಂಟು, ಒಟ್ಟು 64. ನಡುವೆ ಭಾರಿ ಬಂಡೆ. ನಮ್ಮ ಮಕ್ಕಳು ಈ ಊರಿನಲ್ಲಿ ಎಲ್ಲಕ್ಕಿಂತ ಹೆಚ್ಚು ಹೊತ್ತು ಕಳೆದದ್ದು ಇಲ್ಲೇ. ದೊಡ್ಡವಳು ಕಲ್ಲು ಎಣಿಸಿದಳು. ಚಿಕ್ಕವನು ಗೋಪುರದ ಒಂದು ಮೂಲೆಯಿಂದ ಇನ್ನೊಂದಕ್ಕೆ ಓಡಿ ಅಳತೆ ಹಾಕಿದ. ಆಮೇಲೆ ಇಬ್ಬರೂ ತಲೆ ಎತ್ತಿ, ಇಲ್ಲದ ಗೋಪುರದ ತುದಿ ಎಲ್ಲಿರಬಹುದು ಎಂದು ಜಗಳಕ್ಕೆ ಬಿದ್ದರು. ಇದ್ದದ್ದನ್ನು ನೋಡಿ ಫೋಟೋ ತೆಗೆದು ಮುಂದೆ ಹೋಗುವ ಮಕ್ಕಳು, ಇಲ್ಲದ್ದನ್ನು ಊಹಿಸಲು ಅರ್ಧ ಗಂಟೆ ಕೂತರು. ಪುನರ್ನಿರ್ಮಾಣ ಮಾಡಬೇಕು ಎಂಬ ಮಾತು ಇಲ್ಲಿ ಆಗಾಗ ಬರುತ್ತದೆ. ಮಾಡದಿದ್ದರೇ ಒಳ್ಳೆಯದು ಅನ್ನುವುದು ನನ್ನ ಅನಿಸಿಕೆ. ಗೋಪುರ ಹೇಗಿತ್ತು ಎಂದು ನೋಡಬೇಕೆನ್ನುವವರಿಗೆ ಪಕ್ಕದ ಸಂಗ್ರಹಾಲಯದಲ್ಲಿ ಹತ್ತನೇ ಒಂದು ಅಳತೆಯ ಮಾದರಿ ಇದೆ.

ಗುಡಿ ಇದ್ದ ಜಾಗದಲ್ಲಿ ಮೂರು ಒಡ್ಡೊಡ್ಡಾದ ಬಂಡೆಗಳಿವೆ. ಮೇಲೆ ಕುಳಿ ಕೊರೆದಿದ್ದಾರೆ. ಬುದ್ಧನ ಮೂರ್ತಿಯನ್ನೂ ಇಕ್ಕೆಲದ ಇಬ್ಬರನ್ನೂ ಊರಿದ್ದ ಪೀಠಗಳು ಅವು. ಆ ಕುಳಿಯಲ್ಲಿ ಮಳೆನೀರು ನಿಂತಿತ್ತು, ಅದರಲ್ಲಿ ಒಂದು ಸತ್ತ ಮಿಡತೆ. ಈ ಮೂರ್ತಿ 574ರಲ್ಲಿ ಎರಕ ಹೊಯ್ದದ್ದು. ಅದರ ಹಿಂದೆ ಒಂದು ಕಥೆ ಇದೆ. ಭಾರತದಲ್ಲಿ ಅಶೋಕ ರಾಜ ಬುದ್ಧನ ಮೂರ್ತಿ ಮಾಡಿಸಲು ಹೋಗಿ ಆಗದೆ, ಕಬ್ಬಿಣ, ಚಿನ್ನ ಎಲ್ಲವನ್ನೂ ಹಡಗಿಗೆ ತುಂಬಿ, ಯೋಗ್ಯತೆ ಇರುವ ನಾಡು ಮುಟ್ಟಲಿ ಎಂದು ತೇಲಿಬಿಟ್ಟನಂತೆ. ಹಡಗು ಎಲ್ಲೆಲ್ಲೋ ಸುತ್ತಿ ಶಿಲ್ಲಾದ ದಡ ಮುಟ್ಟಿತಂತೆ. ಅಶೋಕನಿಗೂ ಜಿನ್ಹುಂಗ್‌ಗೂ ನಡುವೆ ಎಂಟು ಶತಮಾನದ ಅಂತರ. ಕಥೆಗೆ ಅದರ ಹಂಗಿಲ್ಲ. ನಮ್ಮ ಮಸ್ಕಿಯ ಬಂಡೆಯ ಮೇಲೆ ಹೆಸರು ಬರೆಸಿಕೊಂಡ ಅಶೋಕನ ಗುಣಗಾನ ಭೂಮಿಯ ಈ ಮೂಲೆಯಲ್ಲೂ ನಡೆದಿತ್ತು ಅಂದರೆ ಖುಷಿ ಆಗುತ್ತೆ, ಅಲ್ವಾ?

ಬಯಲಿನ ಇನ್ನೊಂದು ತುದಿಗೆ ಬುನ್ಹ್ವಾಂಗ್ಸಾ. 634ರ ಗುಡಿ. ಕಲ್ಲನ್ನು ಇಟ್ಟಿಗೆಯಂತೆ ಕಡಿದು ಜೋಡಿಸಿದ ಗೋಪುರ, ಈಗ ಮೂರು ನೆಲೆ ಉಳಿದಿದೆ. ಮೂಲೆಗಳಲ್ಲಿ ಕಲ್ಲಿನ ಸಿಂಹಗಳು. ಹೊತ್ತು ಇಳಿಯುತ್ತಿತ್ತು, ಬೇಗ ನೋಡಿ ಹೊರಟೆವು. ಸೈಕಲ್ ಅಂಗಡಿ ಮುಚ್ಚುವುದರೊಳಗೆ ಮುಟ್ಟಿಸಬೇಕಿತ್ತು.

ದಾರಿಯಲ್ಲಿ ಹ್ವಾಂಗ್ನಮ್ ಬ್ರೆಡ್ ಕೊಂಡೆವು. 1939ರಿಂದ ಈ ಊರಿನಲ್ಲಿ ಮಾಡುತ್ತಿರುವ ತಿನಿಸು. ತೆಳು ಹೊದಿಕೆ, ಒಳಗೆಲ್ಲ ಕೆಂಪು ಕಾಳಿನ ಹೂರಣ. ಬಿಸಿಬಿಸಿ ತಿಂದರೆ ಬೇಳೆ ಹೋಳಿಗೆಯ ದೂರದ ನೆಂಟ ಅನಿಸುತ್ತದೆ, ತುಪ್ಪ ಮಾತ್ರ ಇಲ್ಲ. ಹ್ವಾಂಗ್ನಿದಾನ್ ಬೀದಿಯ ಕೆಫೆಗಳಲ್ಲಿ ಹತ್ತು ವೊನ್ ನಾಣ್ಯದ ಆಕಾರದ ಚೀಸ್ ಬ್ರೆಡ್ಡಿಗೆ ಉದ್ದ ಸಾಲು ನಿಂತಿತ್ತು. ಎಳೆದರೆ ಚೀಸ್ ದಾರದಂತೆ ಉದ್ದಕ್ಕೆ ಬರುತ್ತದೆ. ರುಚಿಗಿಂತ ಫೋಟೋಗೆ ಒಳ್ಳೆಯದು.

ರಾತ್ರಿ ನಡೆದುಕೊಂಡೇ ವೊಲ್ಜಿ ಕೊಳಕ್ಕೆ ಹೋದೆವು. 674ರಲ್ಲಿ ಮುನ್ಮು ರಾಜ ಅಗೆಸಿದ ಅರಮನೆಯ ಕೊಳ. ದೀಪ ಹಾಕಿದ ಮಂಟಪಗಳು ನೀರಿನಲ್ಲಿ ತಲೆಕೆಳಗಾಗಿ ಕಾಣುತ್ತವೆ. ಇಡೀ ಊರು ಅಲ್ಲೇ ಸೇರಿತ್ತು, ಸೆಲ್ಫಿ ಕೋಲುಗಳ ಕಾಟ. 1975ರಲ್ಲಿ ಈ ಕೊಳದ ನೀರು ಖಾಲಿ ಮಾಡಿ ಕೆಸರು ತೆಗೆದಾಗ 30,000ಕ್ಕೂ ಹೆಚ್ಚು ವಸ್ತುಗಳು ಸಿಕ್ಕವು. ಅವುಗಳಲ್ಲಿ ಒಂದು ಮರದ ದಾಳ, 14 ಮುಖದ್ದು. ಮುಖಕ್ಕೊಂದು ಶಿಕ್ಷೆ ಕೆತ್ತಿದೆ. ಕುಡಿತದ ಕೂಟದಲ್ಲಿ ಉರುಳಿಸಿ ಆಡುತ್ತಿದ್ದ ಆಟ. ಸಾವಿರ ವರ್ಷ ಕೆಸರಿನಲ್ಲಿ ಕೆಡದೆ ಉಳಿದ ಆ ದಾಳ, ತೆಗೆದ ಮೇಲೆ ಒಣಗಿಸುವಾಗ ಯಂತ್ರ ಕೆಟ್ಟು ಸುಟ್ಟುಹೋಯಿತು. ಈಗ ಇರುವುದೆಲ್ಲ ನಕಲು.

ಒಂದು ನಕಲನ್ನು ನಾವೂ ಕೊಂಡೆವು. ಹನೋಕ್ ಮನೆಗೆ ಮರಳಿ ಸಿಖ್ಯೆ ಎಂಬ ಅಕ್ಕಿಯ ಸಿಹಿ ಪಾನಕ ಇಟ್ಟುಕೊಂಡು ಆಟಕ್ಕೆ ಕೂತೆವು. ಇವರಿಗೆ "ಹಾಡಿಲ್ಲದೆ ಕುಣಿ" ಬಂತು. ಸೊಂಟ ಹಿಡಿದುಕೊಂಡೇ ಕುಣಿದರು. ನನಗೆ "ಮೂರು ಲೋಟ ಒಟ್ಟಿಗೆ ಕುಡಿ". ದೊಡ್ಡವಳಿಗೆ "ಕುಡಿದು ಜೋರಾಗಿ ನಗು", ನಗು ನಿಲ್ಲಿಸಲು ಆಗಲಿಲ್ಲ. ಚಿಕ್ಕವನಿಗೆ ಬಂದದ್ದು "ಎಲ್ಲರೂ ಸೇರಿ ಮೂಗಿಗೆ ಹೊಡೆಯಿರಿ". ಅವನು ಮೂಗು ಮುಚ್ಚಿಕೊಂಡು ಹಾಸಿಗೆಯೊಳಗೆ ಸೇರಿಕೊಂಡ.

ಭಾನುವಾರ

ಬುಲ್ಗುಕ್ಸಾ ಊರಿನಿಂದ ದೂರ, ಬೆಟ್ಟದ ಬುಡದಲ್ಲಿದೆ. ಸೈಕಲ್ ಆಗುವುದಿಲ್ಲ, ಬಸ್ಸೇ ಸರಿ. 751ರಲ್ಲಿ ಕಿಮ್ ದೇಸೊಂಗ್ ಎಂಬ ಮಂತ್ರಿ ಕಟ್ಟಿಸಲು ಶುರು ಮಾಡಿದ ಗುಡಿ. ಈ ಜನ್ಮದ ತಂದೆತಾಯಿಗೆ ಬುಲ್ಗುಕ್ಸಾ, ಹಿಂದಿನ ಜನ್ಮದ ತಂದೆತಾಯಿಗೆ ಬೆಟ್ಟದ ಮೇಲಿನ ಸೊಕ್ಕುರಾಮ್ ಗುಹೆ ಎಂದು ಹರಕೆಯಂತೆ. ಎರಡೂ 1995ರಲ್ಲಿ ಯುನೆಸ್ಕೊ ಪಟ್ಟಿ ಸೇರಿದವು. ಎದುರಿನ 33 ಮೆಟ್ಟಿಲುಗಳನ್ನು ಈಗ ಯಾರೂ ಹತ್ತುವಂತಿಲ್ಲ, ಪಕ್ಕದಿಂದ ಬಳಸಿ ಹೋಗಬೇಕು. ಒಳಗಿನ ಅಂಗಳದಲ್ಲಿ ಎರಡು ಕಲ್ಲಿನ ಗೋಪುರಗಳು. ಕುಸುರಿ ಕೆಲಸದ್ದು ದಬೊತಾಪ್. ಹತ್ತು ವೊನ್ ನಾಣ್ಯದ ಮೇಲಿರುವುದು ಇದೇ. ಚಿಕ್ಕವನು ಜೇಬಿನ ನಾಣ್ಯ ತೆಗೆದು ಹೋಲಿಸಿ ನೋಡಿದ. ನಾಲ್ಕು ಸಿಂಹ ಇದ್ದದ್ದರಲ್ಲಿ ಈಗ ಒಂದೇ ಉಳಿದಿದೆ, ಅದನ್ನೂ ಅವನೇ ಹುಡುಕಿದ.

ನನಗೆ ಹಿಡಿಸಿದ್ದು ಇನ್ನೊಂದು, ಸಾದಾ ಇರುವ ಸೊಕ್ಕಾತಾಪ್. ಅದನ್ನು ಕಟ್ಟಿದ ಶಿಲ್ಪಿ ಅಸಾದಲ್‌ನನ್ನು ಹುಡುಕಿಕೊಂಡು ಅವನ ಹೆಂಡತಿ ಬಂದಳಂತೆ. ಕೆಲಸ ಮುಗಿಯುವವರೆಗೆ ಒಳಗೆ ಬಿಡುವುದಿಲ್ಲ, ಮುಗಿದಾಗ ಗೋಪುರದ ನೆರಳು ಆ ಕೊಳದಲ್ಲಿ ಕಾಣುತ್ತದೆ ಎಂದು ಯಾರೋ ಹೇಳಿದರು. ಅವಳು ಕೊಳದ ದಡದಲ್ಲಿ ಕಾದಳು. ನೆರಳು ಬೀಳಲೇ ಇಲ್ಲ. ಕೊನೆಗೆ ನೀರಿಗೆ ಹಾರಿದಳು. 1966ರಲ್ಲಿ ಈ ಗೋಪುರದ ದುರಸ್ತಿ ಮಾಡುವಾಗ ಒಳಗೆ ಮರದ ಅಚ್ಚಿನಿಂದ ಮುದ್ರಿಸಿದ ಧಾರಣಿ ಸೂತ್ರ ಎಂಬ ಬೌದ್ಧ ಮಂತ್ರಪಾಠದ ಸುರುಳಿ ಸಿಕ್ಕಿತು. ಜಗತ್ತಿನಲ್ಲಿ ಉಳಿದಿರುವ ಅತಿ ಹಳೆಯ ಮುದ್ರಣಗಳಲ್ಲಿ ಅದೂ ಒಂದು.

ಅಲ್ಲಿಂದ 12ನೇ ನಂಬರ್ ಬಸ್ಸು ಬೆಟ್ಟ ಹತ್ತುತ್ತದೆ. ತಿರುವು ಜಾಸ್ತಿ, ಹೊಟ್ಟೆ ತೊಳಸುವವರು ಮುಂದೆ ಕೂರಿ. ಸೊಕ್ಕುರಾಮ್ ಗುಹೆ ಅನ್ನುತ್ತಾರೆ, ಆದರೆ ಬೆಟ್ಟ ಕೊರೆದದ್ದಲ್ಲ. ಗಟ್ಟಿ ಗ್ರಾನೈಟ್ ಕಡಿದು, ಗಾರೆ ಇಲ್ಲದೆ ಗುಮ್ಮಟ ಜೋಡಿಸಿ, ಮೇಲೆ ಮಣ್ಣು ಹಾಕಿದ್ದಾರೆ. ಒಳಗೆ ಸುಮಾರು ಮೂರೂವರೆ ಮೀಟರಿನ ಬುದ್ಧ, ಪೂರ್ವ ಸಮುದ್ರದ ಕಡೆ ಮುಖ. ಗೋಡೆಯ ಸುತ್ತ ನಿಂತವರಲ್ಲಿ ನಮ್ಮ ಬ್ರಹ್ಮ, ಇಂದ್ರ ಇಬ್ಬರೂ ಇದ್ದಾರೆ. ಜಪಾನೀಯರ ಆಳ್ವಿಕೆಯಲ್ಲಿ ದುರಸ್ತಿ ಎಂದು ಹೊರಗೆ ಸಿಮೆಂಟು ಬಳಿದು ಒಳಗೆ ತೇವ ಕೂರುವಂತೆ ಮಾಡಿದರು. ಆ ತಾಪತ್ರಯ ಇಂದಿಗೂ ಮುಗಿದಿಲ್ಲ. ಈಗ ಗಾಜಿನ ಗೋಡೆಯ ಈಚೆಯಿಂದ ನೋಡಬೇಕು, ಫೋಟೋ ತೆಗೆಯುವಂತಿಲ್ಲ. ಬ್ರಹ್ಮ, ಇಂದ್ರರು ಗಾಜಿನ ಈಚೆಗೆ ಸರಿಯಾಗಿ ಕಾಣುವುದೇ ಇಲ್ಲ. ಕುತ್ತಿಗೆ ಚಾಚಿ ಚಾಚಿ ಸಾಕಾಯಿತು. ಒಳ್ಳೆಯ ಶಿಲ್ಪ, ನೋಡುವ ವ್ಯವಸ್ಥೆ ಸಾಲದು.

ರೈಲು ಹಿಡಿಯುವ ಆತುರದಲ್ಲಿ ಎರಡು ಜಾಗ ಬಿಟ್ಟುಹೋದವು. ಒಂದು ನಮ್‌ಸಾನ್ ಬೆಟ್ಟ, ದಾರಿಯುದ್ದಕ್ಕೂ ಬಂಡೆಗಳ ಮೇಲೆ ಬುದ್ಧನ ಮೂರ್ತಿಗಳು. ಇನ್ನೊಂದು ಪೂರ್ವದ ಕಡಲಲ್ಲಿ ಮುನ್ಮು ರಾಜನ ಸಮಾಧಿ. ಸತ್ತ ಮೇಲೆ ನಾಗನಾಗಿ ಕಡಲು ಕಾಯುತ್ತೇನೆ ಎಂದಿದ್ದ ದೊರೆ, 681ರಲ್ಲಿ ತೀರಿಕೊಂಡ. ದಡದಿಂದ ಕಾಣುವ ಬಂಡೆಗಳ ಗುಂಪೇ ಅವನ ಸಮಾಧಿ. ಊರಿನಿಂದ 150ನೇ ನಂಬರ್ ಬಸ್ಸು ಹೋಗುತ್ತದೆ. ರೈಲಿನಲ್ಲಿ ಮಕ್ಕಳಿಬ್ಬರಿಗೂ ಜಗಳ: ಚಿಕ್ಕವನಿಗೆ ಮುಂದಿನ ಸಲ ನಾಗರಾಜ ಬೇಕು, ದೊಡ್ಡವಳಿಗೆ ಬೆಟ್ಟ. ಇವರು ಮಾತ್ರ, ಎಲ್ಲಿಗಾದರೂ ಸರಿ, ಮಂಚ ಇರುವ ಹೋಟೆಲ್ ಇರಲಿ ಅಂದರು.